ಒಂದು ಯಂತ್ರಕ್ಕೆ ಒಂದೇ ಚಿತ್ರ

ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಎಂಬಾತ 1856ರ ಮಾರ್ಚ್ 3ರಂದು ಸರ್ಕಾರಕ್ಕೆ ಒಂದು ಅರ್ಜಿ ಹಾಕಿಕೊಂಡ. ಹೊಸ ಸಾಧನಗಳನ್ನು ಕಂಡುಹಿಡಿದವರಿಗೆ ವಿಶೇಷಾಧಿಕಾರ ಕೊಡುವ ಕಾಯಿದೆ ಹಿಂದಿನ ತಿಂಗಳಷ್ಟೇ ಹೊರಟಿತ್ತು. ಅದರ ಪ್ರಕಾರ ನಮ್ಮ ದೇಶದಲ್ಲಿ ಬಂದ ಮೊಟ್ಟಮೊದಲ ಅರ್ಜಿ ಅದು. ಆತ ಕಂಡುಹಿಡಿದದ್ದೇನೆಂದರೆ ಓದುಗರು ನಕ್ಕಾರು: ಪಂಖ ಎಳೆಯುವ ಯಂತ್ರ. ಈ ಅರ್ಜಿಯ ಪರವಾಗಿ ಒಂದೇ ಒಂದು ಚಿತ್ರ ಹಾಕಿ ಎಂದು ನಿಮಗೆ ಹೇಳಿದರೆ ಯಾವುದನ್ನು ಹಾಕುತ್ತೀರಿ? ಕಣ್ಣಿಗೆ ತುಂಬುವುದು ತೂಗುವ ಪಂಖ. ಆದರೆ ಪಂಖ ಹಳೆಯದು. ಹೊಸದು ಅದನ್ನೆಳೆಯುವ ಸಾಧನ ಮಾತ್ರ.

ಇದು ಬರಿಯ ಒಗಟಲ್ಲ. ಇಂದು ಪೇಟೆಂಟಿಗಾಗಿ ಹಾಕಿದ ಅರ್ಜಿ ಸಾಮಾನ್ಯವಾಗಿ 18 ತಿಂಗಳಾದ ಮೇಲೆ, ಹಕ್ಕು ಸಿಕ್ಕಿರಲಿ ಬಿಡಲಿ, ಎಲ್ಲರ ಕಣ್ಣಿಗೂ ಬೀಳುವಂತೆ ಪ್ರಕಟವಾಗುತ್ತದೆ. ನಮ್ಮ ಪೇಟೆಂಟ್ ಕಛೇರಿಯ ಪತ್ರಿಕೆ ಶುಕ್ರವಾರಕ್ಕೊಮ್ಮೆ ಹೊರಡುತ್ತದೆ. 2003ರ ನಿಯಮಗಳಂತೆ ಸಾರಾಂಶ 150 ಪದಗಳನ್ನು ಮೀರಕೂಡದು. ಅರ್ಜಿಯಲ್ಲಿ ಚಿತ್ರಗಳಿದ್ದರೆ, ಸಾರಾಂಶದೊಡನೆ ಯಾವುದು ಅಚ್ಚಾಗಬೇಕೆಂಬುದನ್ನು ಅರ್ಜಿದಾರನೇ ಸೂಚಿಸಬೇಕು. ಇಪ್ಪತ್ತು ಚಿತ್ರಗಳಿದ್ದರೂ ಮುಂದೆ ನಿಲ್ಲುವುದು ಒಂದೇ. ಗಂಡಿನ ಮನೆಗೆ ಕಳುಹಿಸಲು ಆಲ್ಬಮ್ಮಿನಿಂದ ಒಂದು ಫೋಟೋ ಆರಿಸುವ ತಂದೆತಾಯಿಗಳ ಕಷ್ಟ ಇದು.

ಚಿತ್ರದ ಬೆಲೆಯನ್ನು ಅಮೆರಿಕದವರು ಬೆಂಕಿಯಿಂದ ಕಲಿತರು. ಚಿತ್ರ ಬರೆಯಲು ಸಾಧ್ಯವಿರುವ ಕಡೆಯಲ್ಲೆಲ್ಲ ಅದನ್ನು ಅರ್ಜಿಯೊಡನೆ ಕೊಡಬೇಕೆಂದು ಅವರ 1793ರ ಕಾಯಿದೆಯೇ ವಿಧಿಸಿತ್ತು. ಹಾಗೆ ಸೇರಿದ ಸುಮಾರು 9,000 ಚಿತ್ರಗಳೂ 7,000 ಮಾದರಿಗಳೂ 1836ರ ಡಿಸೆಂಬರ್ 15ರಂದು ವಾಷಿಂಗ್‌ಟನ್ನಿನ ಕಛೇರಿಯೊಡನೆ ಸುಟ್ಟುಹೋದವು. ಪೇಟೆಂಟ್ ಪಡೆದವರ ಬಳಿ ಉಳಿದಿದ್ದ ಪ್ರತಿಗಳನ್ನು ತರಿಸಿ ನಕಲು ಮಾಡಿಸಿದರೂ ಮರಳಿ ದೊರೆತದ್ದು ಸುಮಾರು 2,800 ಪೇಟೆಂಟುಗಳ ದಾಖಲೆ ಮಾತ್ರ. ಉಳಿದವುಗಳಲ್ಲಿ ಎಷ್ಟೋ ಯಂತ್ರಗಳ ಹೆಸರು ಗೊತ್ತು, ಒಡೆಯನ ಹೆಸರು ಗೊತ್ತು. ಅವು ಹೇಗಿದ್ದುವೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಮುಂದೆ ಅಚ್ಚಾದ ಪೇಟೆಂಟುಗಳನ್ನು ವಿಷಯವಾರಾಗಿ ವಿಂಗಡಿಸಿ ಖಾನೆಗಳಲ್ಲಿ ಜೋಡಿಸಿಟ್ಟರು. ಈ ಖಾನೆಗಳಿಗೆ ಅಲ್ಲಿಯವರು ‘ಶೂ’ ಎಂದು ಹೆಸರಿಟ್ಟಿದ್ದರು. ಜೆಫರ್ಸನ್ ಪೇಟೆಂಟ್ ಪತ್ರಗಳನ್ನು ಜೋಡಿನ ಪೆಟ್ಟಿಗೆಯಲ್ಲಿಡುತ್ತಿದ್ದನೆಂಬ ಕಥೆಯೂ ಅದಕ್ಕೆ ಅಂಟಿಕೊಂಡಿದೆ. ಹೊಸ ಅರ್ಜಿ ಬಂದಾಗ ಅಂಥ ವಸ್ತು ಹಿಂದೆಯೇ ಇತ್ತೇ ಎಂದು ನೋಡಬೇಕಾದ ಪರೀಕ್ಷಕ ಈ ಕಟ್ಟುಗಳನ್ನು ಇಸ್ಪೀಟಿನ ಎಲೆಗಳಂತೆ ಸರಸರನೆ ತಿರುವುತ್ತಿದ್ದ. ಆಗ ಚಿತ್ರದ ಹಾಳೆ ಮೇಲೆ, ಬರಹ ಅದರ ಹಿಂದೆ. ಒಂದೊಂದು ಹಾಳೆಯ ಮೇಲೆ ಕಣ್ಣು ನಿಲ್ಲುತ್ತಿದ್ದುದು ಕ್ಷಣಕಾಲ. ಆ ಕ್ಷಣದಲ್ಲಿ ಚಿತ್ರ ಮಾತನಾಡದಿದ್ದರೆ ಒಳಗಿನ ಬರಹ ಎಷ್ಟು ಸ್ಪಷ್ಟವಾಗಿದ್ದರೇನು? ಹಳೆಯದು ಹೊಸದೆಂದು ದಾಟಿಹೋಗುತ್ತಿತ್ತು, ಯಾರದೋ ಹಕ್ಕು ಇನ್ನಾರಿಗೋ ಸೇರುತ್ತಿತ್ತು.

ಬೆಲ್ಲನ ಟೆಲಿಫೋನನ್ನೇ ನೋಡಿ. 1876ರ ಫೆಬ್ರವರಿ 14ರಂದು ಅರ್ಜಿ ಸಲ್ಲಿಸಿ ಮಾರ್ಚ್ 7ರಂದು ಆತ ಪಡೆದ 1,74,465ನೆಯ ಪೇಟೆಂಟಿಗೆ ಕೊಟ್ಟ ಶೀರ್ಷಿಕೆ ಟೆಲಿಗ್ರಾಫಿನ ಸುಧಾರಣೆ ಎಂದು. ಟೆಲಿಫೋನ್ ಎಂಬ ಮಾತೇ ಅದರಲ್ಲಿಲ್ಲ. ಮೊದಲ ಹಾಳೆಯಲ್ಲಿರುವುದು ವಿದ್ಯುತ್ ಪ್ರವಾಹದ ಏರಿಳಿತಗಳನ್ನು ತೋರಿಸುವ ಗೆರೆಗಳು. ಕಟ್ಟು ತಿರುವುವವನಿಗೆ ಇದೊಂದು ತಂತಿ ಕಛೇರಿಯ ವ್ಯವಹಾರವೆಂದೇ ತೋರಬೇಕು. ಎರಡನೆಯ ಹಾಳೆಗೆ ಹೋಗಿ, ಏಳನೆಯ ಚಿತ್ರ: ಒಂದು ಕೊಳವೆ, ಅದರ ಬಾಯಿಗೆ ಬಿಗಿದ ಪೊರೆ, ಪೊರೆಗೆ ತಗುಲಿದ ಕಬ್ಬಿಣದ ತುಂಡು, ಅದರೆದುರು ವಿದ್ಯುತ್ಕಾಂತ, ತಂತಿಯ ಆ ತುದಿಯಲ್ಲಿಯೂ ಅಂಥದೇ ಸಾಮಗ್ರಿ, ಕಿವಿಗೆ ಹಿಡಿಯಲು ಇನ್ನೊಂದು ಕೊಳವೆ. ಮನುಷ್ಯನ ಧ್ವನಿ ಸಾಗುವುದು ಇಲ್ಲಿ. ಈ ಪೇಟೆಂಟನ್ನು ಮುರಿಯಲು ನಡೆದ ವ್ಯಾಜ್ಯಗಳು 1888ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಬೆಲ್ಲನ ಪಕ್ಷ ಗೆದ್ದದ್ದು 4ಕ್ಕೆ 3 ಮತದಿಂದ. ಇಂದು ಪುಸ್ತಕಗಳಲ್ಲಿ ಬೆಲ್ಲನ ಪೇಟೆಂಟೆಂದು ಅಚ್ಚು ಹಾಕುವುದು ಆ ಏಳನೆಯ ಚಿತ್ರವನ್ನೇ. ಕೊನೆಯಲ್ಲಿದ್ದುದನ್ನು ಮುಂದಕ್ಕೆ ತಂದವರು ಮುಂದಿನ ಪೀಳಿಗೆಯವರು.

ರೈಟ್ ಸಹೋದರರ ಕಥೆ ಇದಕ್ಕೆ ವಿರುದ್ಧ. ಅವರು ಅರ್ಜಿ ಹಾಕಿದ್ದು 1903ರ ಮಾರ್ಚ್ 23ರಂದು, ಕಿಟಿ ಹಾಕ್‌ನಲ್ಲಿ ಎಂಜಿನ್ನಿನ ವಿಮಾನ ಹಾರುವುದಕ್ಕೆ ಸುಮಾರು 9 ತಿಂಗಳು ಮುಂಚೆ. ತಾವೇ ಬರೆದ ಅರ್ಜಿ ತಿರಸ್ಕೃತವಾಗಿ, ಹ್ಯಾರಿ ಟೂಲ್ಮಿನ್ ಎಂಬ ವಕೀಲನ ನೆರವಿನಿಂದ 1906ರಲ್ಲಿ ಪೇಟೆಂಟ್ ಕೈಗೆ ಬಂತು. ಹಾರುವ ಯಂತ್ರವೆಂದು ಹೆಸರು. ಮೊದಲನೆಯ ಚಿತ್ರದಲ್ಲಿ ಎಂಜಿನ್ನೂ ಇಲ್ಲ, ಗಾಳಿ ಕಡೆಯುವ ಪಂಖವೂ ಇಲ್ಲ. ಇರುವುದು ಜೋಡಿ ರೆಕ್ಕೆ, ಹಗ್ಗಗಳು, ಮುಂದೊಂದು ಹಿಂದೊಂದು ಚುಕ್ಕಾಣಿ, ಹಾರುವವನು ಮಲಗುವ ತೊಟ್ಟಿಲು. ರೆಕ್ಕೆಯ ತುದಿಗಳನ್ನು ತಿರುಚಿ ವಾಲಿದ ಯಂತ್ರವನ್ನು ಸರಿದೂಗಿಸುವುದೇ ಅವರ ಹೊಸ ವಿದ್ಯೆ. ಎಂಜಿನ್ ಬೇಡವೆಂದು ಬಿಟ್ಟ ಆ ಚಿತ್ರವನ್ನು ಇಂದಿನ ಯಾವ ಮುಖಪುಟಕ್ಕಾದರೂ ನಾನು ಹಾಗೆಯೇ ಕಳುಹಿಸಿಯೇನು.

1970ರಲ್ಲಿ ವಾಷಿಂಗ್‌ಟನ್ನಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ನಿಯಮಗಳು ಅರ್ಜಿದಾರನ ಆಯ್ಕೆಗೆ ಒಂದು ಕಡಿವಾಣ ಹಾಕಿವೆ. ಅವನು ಸೂಚಿಸಿದ್ದಕ್ಕಿಂತ ಬೇರೊಂದು ಚಿತ್ರ ಆವಿಷ್ಕಾರದ ಲಕ್ಷಣವನ್ನು ಚೆನ್ನಾಗಿ ತೋರಿಸುವುದೆಂದು ಶೋಧನಾಧಿಕಾರಿಗಳಿಗೆ ಕಂಡರೆ ಅದೇ ಅಚ್ಚಾಗುತ್ತದೆ. ಯಾವುದೂ ಉಪಯೋಗವಿಲ್ಲವೆನಿಸಿದರೆ ಚಿತ್ರವೇ ಇಲ್ಲ. ಸಾರಾಂಶದಿಂದ ಹಕ್ಕಿನ ಮೇರೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ; ಅದು ತಿಳಿವಳಿಕೆಗೆ ಮಾತ್ರ. ಬಹುಶಃ ಅದಕ್ಕೇ ಅನೇಕರು ಈ ಆಯ್ಕೆಯನ್ನು ಕೊನೆಯ ಗಳಿಗೆಗೆ ಬಿಟ್ಟು ‘ಚಿತ್ರ 1’ ಎಂದು ಗೀಚಿ ಮುಗಿಸುತ್ತಾರೆ. ಪ್ರತಿಸ್ಪರ್ಧಿಯ ಕಣ್ಣಿಗೆ ಬೀಳದಿರಲೆಂದು ಬೇಕೆಂದೇ ಸಪ್ಪೆ ಚಿತ್ರ ಕೊಡುವ ಜಾಣರೂ ಇದ್ದಾರೆಂದು ನನ್ನ ಗುಮಾನಿ.

ಕಂಪ್ಯೂಟರಿನ ಕಾಲದಲ್ಲಂತೂ ನಾಲ್ಕು ಚೌಕ, ನಡುವೆ ಬಾಣ, ಒಳಗೆ ‘ಸ್ಮೃತಿಕೋಶ’, ‘ಸಂಸ್ಕಾರಕ’ ಎಂಬ ಬರಹ: ಇಷ್ಟಾದರೆ ಚಿತ್ರವಾಯಿತು. ಒಂದನ್ನು ನೋಡಿದರೆ ನೂರನ್ನು ನೋಡಿದಂತೆ. ಬೆಲ್ಲನ ಏಳನೆಯ ಚಿತ್ರವನ್ನು ಇವರು ಬರೆದಿದ್ದರೆ ಒಂದು ಚೌಕದಲ್ಲಿ ‘ಬಾಯಿ’, ಇನ್ನೊಂದರಲ್ಲಿ ‘ತಂತಿ’, ಮೂರನೆಯದರಲ್ಲಿ ‘ಕಿವಿ’ ಎಂದಿರುತ್ತಿತ್ತು. ಪೊರೆಯ ಸುದ್ದಿಯೇ ಇರುತ್ತಿರಲಿಲ್ಲ.