ಹದಿನೈದು ವರ್ಷ ಕಾದ ಸುಗ್ಗಿ

1784ರ ಫೆಬ್ರವರಿ, ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಹೊತ್ತು. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನ ಸೈನಿಕರು ಕೆನರಾದ ಕ್ಯಾಥೊಲಿಕರನ್ನು ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಮಂದಿ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ.

ಬಿಡುಗಡೆಗೆ 15 ವರ್ಷ ಕಾಯಬೇಕಾಯಿತು.

1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಬದುಕುಳಿದವರು ಕರಾವಳಿಗೆ ಇಳಿದರು. ಕೆಡವಿದ ಇಗರ್ಜಿಗಳು, ಪರರ ಪಾಲಾದ ಗದ್ದೆಗಳು. ಆದರೂ ಊರು ಬಿಡಲಿಲ್ಲ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಮತ್ತೆ ಎದ್ದಿತು. ಈ ಹಠವನ್ನು ಬರೀ ಭಕ್ತಿ ಎನ್ನಲಾಗದು, ಮಳೆಗೆ ಕಾಯಬಲ್ಲ ಬೇಸಾಯಗಾರರ ಜಾಯಮಾನವೂ ಅದರಲ್ಲಿತ್ತು.

ಸೆರೆಗೂ ಮೊದಲೇ, 1763ರಲ್ಲಿ ಫರಂಗಿಪೇಟೆಯಲ್ಲಿ ಪಾದ್ರಿ ಜೋಕಿಂ ಮಿರಾಂಡ ಶುರುಮಾಡಿದರೆನ್ನುವ ಹೊಸ ತೆನೆಯ ಹಬ್ಬ ಮೊಂತಿ ಫೆಸ್ತ್ ಇಂದಿಗೂ ಉಳಿದಿದೆ. ಸೆಪ್ಟೆಂಬರ್ 8ರಂದು ಮಕ್ಕಳು ಮರಿಯಮ್ಮನಿಗೆ ಹೂ ಹಾಕುತ್ತಾರೆ. ಆಶೀರ್ವದಿಸಿದ ಹೊಸ ತೆನೆಯ ಕಾಳು ಸುಲಿದು, ಪುಡಿಮಾಡಿ, ಹಾಲಿಗೆ ಬೆರೆಸಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಅಂದಿನ ಊಟಕ್ಕೆ ಮೀನಿಲ್ಲ, ಮಾಂಸವಿಲ್ಲ.