ತೂಕ ಇಳಿಸುವ ಸರ್ಜರಿ ನಂತರ ಶೌಚದಲ್ಲಿ ಏರುಪೇರು: ಯಾವುದು ಸಹಜ, ಯಾವುದು ಅಪಾಯ?

ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡವರು ಎಷ್ಟು ಕೆಜಿ ಇಳಿದೆ ಎಂಬುದನ್ನು ನೆಂಟರಿಷ್ಟರಿಗೆಲ್ಲ ಹೇಳುತ್ತಾರೆ. ನಾಲ್ಕು ದಿನದಿಂದ ಮಲವಿಸರ್ಜನೆ ಆಗಿಲ್ಲ ಎಂಬುದನ್ನು ಮಾತ್ರ ಡಾಕ್ಟರಿಗೂ ಹೇಳಲು ನಾಚಿಕೊಳ್ಳುತ್ತಾರೆ. ಈ ಸಂಕೋಚವೇ ಕೆಲವೊಮ್ಮೆ ದುಬಾರಿಯಾಗುತ್ತದೆ.

ಭಾರತದಲ್ಲಿ ಹೆಚ್ಚಾಗಿ ನಡೆಯುವುದು ಎರಡು ಬಗೆಯ ಸರ್ಜರಿ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಶೇ 75ರಿಂದ 80ರಷ್ಟು ಭಾಗವನ್ನು ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಕರುಳು ಇದ್ದಂತೆಯೇ ಇರುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಹಾಗಾಗಿ ಸ್ಲೀವ್ ಆದವರಲ್ಲಿ ಮಲಬದ್ಧತೆಯ ದೂರು ಹೆಚ್ಚು, ಬೈಪಾಸ್ ಆದವರಲ್ಲಿ ಭೇದಿ ಮತ್ತು ಗ್ಯಾಸ್ ಕಾಟ ಹೆಚ್ಚು.

ಮೊದಲ ವಾರಗಳಲ್ಲಿ ನೀರಿನಂಥ ಆಹಾರವೇ ಗತಿ. ಒಳಗೆ ಹೋಗುವುದೇ ಅಷ್ಟು ಕಡಿಮೆ ಇರುವಾಗ ದಿನವೂ ಶೌಚ ಆಗಬೇಕೆಂದು ನಿರೀಕ್ಷಿಸುವುದು ತಪ್ಪು. ಎರಡು ಮೂರು ದಿನಕ್ಕೊಮ್ಮೆ ಆದರೂ ಗಾಬರಿ ಬೇಡ. ನೋವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಕೂಡ ಮಲವನ್ನು ಗಟ್ಟಿ ಮಾಡುತ್ತವೆ. ಹಾಗೆಂದು ಈ ಪೂರಕ ಮಾತ್ರೆಗಳನ್ನು ಬಿಡುವಂತಿಲ್ಲ. ಬಿಟ್ಟರೆ ರಕ್ತಹೀನತೆ, ಮೂಳೆ ಸವೆತ ಕಾದಿರುತ್ತದೆ. ಬೇಕಿದ್ದರೆ ಬೇರೆ ಬಗೆಯ ಮಾತ್ರೆ ಬರೆದುಕೊಡಿ ಎಂದು ವೈದ್ಯರನ್ನು ಕೇಳಬಹುದು. ಅಜ್ಜಿ ಹೇಳಿದರೆಂದು ಇಸಬಗೋಲನ್ನೂ ಕೇಳದೆ ಶುರು ಮಾಡಬೇಡಿ. ಸಾಕಷ್ಟು ನೀರು ಕುಡಿಯಲಾಗದ ದಿನಗಳಲ್ಲಿ ಅದು ಒಳಗೇ ಉಬ್ಬಿ ಕಟ್ಟಿಕೊಳ್ಳಬಹುದು.

ನೀರೇ ಇಲ್ಲಿ ಮುಖ್ಯ ಔಷಧ. ಸಾಮಾನ್ಯವಾಗಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕುಡಿಯಬೇಕು. ಅದೂ ಗುಟುಕು ಗುಟುಕಾಗಿ, ಊಟದ ಜೊತೆಗಲ್ಲ, ಊಟವಾಗಿ ಅರ್ಧ ಗಂಟೆ ಬಿಟ್ಟು. ಮುಂಬೈ ಲೋಕಲ್‌ನಲ್ಲೋ ಬಸ್ಸಿನಲ್ಲೋ ಒಂದೂವರೆ ಗಂಟೆ ಓಡಾಡುವವರು, ಅದರಲ್ಲೂ ಹೆಂಗಸರು, ದಾರಿಯಲ್ಲಿ ಶೌಚಾಲಯ ಸಿಗದೆಂದು ನೀರು ಕುಡಿಯುವುದನ್ನೇ ಬಿಡುವುದುಂಟು. ಈ ಸಮಯದಲ್ಲಿ ಆ ಲೆಕ್ಕಾಚಾರ ನಡೆಯದು. ಮೂತ್ರ ಗಾಢ ಹಳದಿಯಾಗಿ, ದಿನಕ್ಕೆ ಒಂದೆರಡು ಸಲವಷ್ಟೇ ಹೋದರೆ ದೇಹ ಒಣಗುತ್ತಿದೆ ಎಂದರ್ಥ. ಬೈಪಾಸ್ ಆದವರಿಗೆ ಮೂತ್ರಪಿಂಡದ ಕಲ್ಲಿನ ಅಪಾಯವೂ ಹೆಚ್ಚು.

ಇನ್ನು ಭೇದಿ. ಹಬ್ಬದ ಮನೆಯಲ್ಲಿ ಒಂದು ತುಂಡು ಮೈಸೂರು ಪಾಕ್, ಅರ್ಧ ಲೋಟ ಪಾಯಸ ಸೇವಿಸಿದ ಅರ್ಧ ಗಂಟೆಯೊಳಗೆ ಹೊಟ್ಟೆ ನುಲಿದು, ಬೆವರು ಕಿತ್ತು, ಎದೆ ಹೊಡೆದುಕೊಂಡು ಬಚ್ಚಲಿಗೆ ಓಡುವಂತಾದರೆ ಅದು ಡಂಪಿಂಗ್ ಸಿಂಡ್ರೋಮ್. ಸಿಹಿ ನೇರವಾಗಿ ಕರುಳಿಗೆ ಇಳಿದಾಗ ಹೀಗಾಗುತ್ತದೆ. ಹಾಲು ಕೂಡ ಕೆಲವರಿಗೆ ಆಗಿಬರುವುದಿಲ್ಲ, ಮೊಸರು ಮಜ್ಜಿಗೆ ಒಗ್ಗಬಹುದು. ‘ಶುಗರ್ ಫ್ರೀ’ ಮಿಠಾಯಿಯಲ್ಲಿರುವ ಸಾರ್ಬಿಟಾಲ್ ಕೂಡ ಭೇದಿ ತರಿಸುತ್ತದೆ. ಮಲ ಎಣ್ಣೆಯಂತೆ ಜಿಡ್ಡಾಗಿ, ತೇಲುತ್ತಾ, ವಿಪರೀತ ವಾಸನೆ ಬರುತ್ತಿದ್ದರೆ ಕೊಬ್ಬು ಜೀರ್ಣವಾಗುತ್ತಿಲ್ಲ. ಅದರ ಜೊತೆಗೆ ಎ, ಡಿ, ಇ, ಕೆ ವಿಟಮಿನ್‌ಗಳೂ ಹೊರಹೋಗುತ್ತಿರಬಹುದು. ತಪಾಸಣೆ ಬೇಕು.

ಹೆಚ್ಚು ಗೊಂದಲ ಹುಟ್ಟಿಸುವುದು ಕಪ್ಪು ಬಣ್ಣ. ಕಬ್ಬಿಣಾಂಶದ ಮಾತ್ರೆ ನುಂಗುವವರ ಮಲ ಕಪ್ಪು ಅಥವಾ ಕಡುಹಸಿರು ಆಗುವುದು ಸಾಮಾನ್ಯ. ಆದರೆ ರಸ್ತೆಗೆ ಹಾಕುವ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ನಾತದೊಂದಿಗೆ ಹೋಗುತ್ತಿದ್ದು, ತಲೆ ಸುತ್ತು, ಸುಸ್ತು ಇದ್ದರೆ ಒಳಗೆ ರಕ್ತ ಸೋರುತ್ತಿದೆ ಎಂದೇ ತಿಳಿಯಬೇಕು. ವ್ಯತ್ಯಾಸ ಗೊತ್ತಾಗದಿದ್ದರೆ ಮಾತ್ರೆಯದ್ದೇ ಇರಬೇಕು ಎಂದು ಸುಮ್ಮನಿರಬಾರದು. ಬೈಪಾಸ್‌ನಲ್ಲಿ ಚೀಲ ಮತ್ತು ಕರುಳು ಸೇರುವ ಜಾಗದಲ್ಲಿ ಹುಣ್ಣಾಗುವುದುಂಟು. ಧೂಮಪಾನ ಇದಕ್ಕೊಂದು ಕಾರಣವಾದರೆ, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಇನ್ನೊಂದು. ಭಾರದ ದೇಹ ಹೊತ್ತು ಮಂಡಿ ನೋವಿಗೆ ಇವೇ ಮಾತ್ರೆ ನುಂಗಿ ಅಭ್ಯಾಸವಾದವರು, ಸರ್ಜರಿ ಬಳಿಕವೂ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತೆಗೆದುಕೊಳ್ಳುತ್ತಾರೆ. ಅಪಾಯ ಇರುವುದು ಅಲ್ಲೇ.

ಜ್ವರ, ಏರಿದ ನಾಡಿಬಡಿತ, ಹೆಚ್ಚುತ್ತಲೇ ಹೋಗುವ ಹೊಟ್ಟೆ ನೋವು, ಕೆಂಪು ರಕ್ತ, ಎರಡು ದಿನ ನಿಲ್ಲದ ಭೇದಿ ಇದ್ದರೆ ಸರ್ಜರಿ ಮಾಡಿದ ತಂಡವನ್ನು ತಕ್ಷಣ ಸಂಪರ್ಕಿಸಬೇಕು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗ್ಯಾಸ್ ಕೂಡ ಹೋಗದಿದ್ದರೆ ಕರುಳು ಸಿಕ್ಕಿಕೊಂಡಿರಬಹುದು. ಬೈಪಾಸ್ ಆಗಿ ವರ್ಷಗಳ ನಂತರವೂ ಇದು ಕಾಣಿಸಿಕೊಳ್ಳಬಹುದು. ಆಗ ಯಾವ ಊರಿನ ಯಾವ ಎಮರ್ಜೆನ್ಸಿಗೆ ಹೋದರೂ ಮೊದಲು ಹೇಳಬೇಕಾದ್ದು ತಮಗೆ ಬೈಪಾಸ್ ಆಗಿದೆ ಎಂಬುದನ್ನು. ಬರೀ ‘ಬೈಪಾಸ್’ ಎಂದರೆ ಹೃದಯದ್ದು ಎಂದುಕೊಳ್ಳುತ್ತಾರೆ, ಹೊಟ್ಟೆಯದ್ದು ಎಂದು ಬಿಡಿಸಿ ಹೇಳಿ.