ಕಂಪನ, ಅವಮಂದನ ಮತ್ತು ಕಲ್ಲುಮನೆಗಳು

1993ನೆಯ ಇಸವಿಯ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು ಜಿಲ್ಲೆಯ ಕಿಲ್ಲಾರಿಯ ಬಳಿ ಸಂಭವಿಸಿದ ಭೂಕಂಪದಲ್ಲಿ ಸುಮಾರು 10,000 ಜನ ಮಡಿದರು. ಅದರ ಪರಿಮಾಣ 6.2 ಮಾತ್ರ. ಇಷ್ಟೊಂದು ಜೀವಹಾನಿಗೆ ಮುಖ್ಯ ಕಾರಣ, ಕೆಸರುಮಣ್ಣಿನಿಂದ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳೂ ಕುಸಿದುದು. ಗಡಿಯ ಈಚೆಗಿನ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳೆಯ ಊರುಗಳಲ್ಲಿಯೂ ಕಲ್ಲುಗೋಡೆಯ ಮಾಳಿಗೆಮನೆಗಳುಂಟು. ಆದುದರಿಂದ, ಕಟ್ಟಡವೊಂದು ಹೇಗೆ ಅಲುಗುತ್ತದೆಂಬುದು ಈ ಸೀಮೆಗೆ ಬರಿಯ ಗಣಿತದ ಪ್ರಶ್ನೆಯಲ್ಲ.

ಅಲುಗುವ ಕಟ್ಟಡದಲ್ಲಿ ಮುಖ್ಯವಾಗಿ ಎರಡು ಲಕ್ಷಣಗಳನ್ನು ಅಳೆಯಬೇಕು. ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆಂಬುದು ಆವರ್ತಾಂಕ. ತೂಗಾಟ ಎಷ್ಟು ಬೇಗ ಅಡಗುತ್ತದೆಂಬುದು ಅವಮಂದನ. ಮೂರು ಸೆಕೆಂಡುಗಳಲ್ಲಿ ಹನ್ನೆರಡು ತೂಗಾಟಗಳು ಕಂಡರೆ ಆವರ್ತಾಂಕ 4. ಒಂದು ತೂಗಾಟದ ಪಾರ 10 ಇದ್ದು ಮುಂದಿನದು 7.3ಕ್ಕೆ ಇಳಿದರೆ, ಅವುಗಳ ಅನುಪಾತದ ಸ್ವಾಭಾವಿಕ ಲಘುಗಣಕ 0.315, ಅದನ್ನು 2π ಯಿಂದ ಭಾಗಿಸಿದಾಗ ಅವಮಂದನ ಸುಮಾರು ಶೇಕಡ 5 ಎಂದು ತಿಳಿಯುತ್ತದೆ.

ಆದರೆ ಅಳತೆಯ ಗೆರೆಯಲ್ಲಿ ಹಲವು ಕಂಪನಗಳು ಬೆರೆತಿರುತ್ತವೆ. ಅವನ್ನು ಬಿಡಿಸುವ ಒಂದು ಮಾರ್ಗದ ಮೂಲ ಫ್ರಾನ್ಸಿನ ಪ್ರೊನಿ 1795ರಲ್ಲಿ ನೀರಿನ ಆವಿಯ ಒತ್ತಡವನ್ನು ಕುರಿತು ಬರೆದ ಪ್ರಬಂಧದಲ್ಲಿದೆ; ಇನ್ನೊಂದರ ಮೂಲ ಫೂರಿಯೆಯ 1822ರ ಗ್ರಂಥದಲ್ಲಿದೆ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ವಿಧಾನವು, 1,024 ಅಳತೆಗಳಿಗೆ ಹತ್ತು ಲಕ್ಷದಷ್ಟು ಬೇಕಾಗಿದ್ದ ಗುಣಾಕಾರಗಳನ್ನು ಹತ್ತು ಸಾವಿರದ ಆಸುಪಾಸಿಗೆ ಇಳಿಸಿತು.

ಅಳತೆಯ ಬೆಲೆಯನ್ನು ಕೊಯ್ನಾ ತೋರಿಸಿಕೊಟ್ಟಿತು. 1967ರ ಡಿಸೆಂಬರ್ 11ರ ಭೂಕಂಪವನ್ನು ಅಣೆಕಟ್ಟಿನೊಳಗಿನ ಯಂತ್ರವೇ ದಾಖಲಿಸಿತು. ಆ ದಾಖಲೆಯನ್ನು ಆಧರಿಸಿ ಚೋಪ್ರಾ ಮತ್ತು ಚಕ್ರವರ್ತಿ ನಡೆಸಿದ ಗಣನೆಯಲ್ಲಿ, ಕೆಳಮುಖದ ಇಳಿಜಾರು ಬದಲಾಗುವೆಡೆಯಲ್ಲಿಯೇ ಎಳೆತ ಮಿತಿಮೀರಿದುದು ಕಂಡುಬಂದಿತು. ಬಿರುಕುಗಳೂ ಅಲ್ಲಿಯೇ ಬಿದ್ದಿದ್ದವು.

ಹಳ್ಳಿಯ ಮನೆಗೆ ಅಂತಹ ಯಂತ್ರಭಾಗ್ಯವಿಲ್ಲ. ಆದರೂ ಗಾಳಿ, ವಾಹನಗಳಿಂದುಂಟಾಗುವ ಸಣ್ಣ ಕಂಪನಗಳನ್ನೇ ಅಳೆಯಬಹುದು. ಆವರ್ತಾಂಕ ಹತ್ತರಲ್ಲೊಂದು ಪಾಲು ತಗ್ಗಿದರೆ, ಭಾರ ಬದಲಾಗದಿರುವಲ್ಲಿ, ಗೋಡೆಗಳ ಬಿಗಿತ ಶೇಕಡ 19ರಷ್ಟು ಕುಗ್ಗಿದೆಯೆಂದರ್ಥ. ಮಳೆಗಾಲದಲ್ಲಿ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುವುದರಿಂದ, ಋತುವನ್ನು ಗಮನಿಸದೆ ಅಳತೆಗಳನ್ನು ಹೋಲಿಸುವುದು ಸಲ್ಲದು. ಸಣ್ಣ ಕಂಪನದಲ್ಲಿ ದೊರೆತ ಅವಮಂದನವನ್ನು ಭೂಕಂಪಕ್ಕೆ ಹಾಗೆಯೇ ಅನ್ವಯಿಸಲೂ ಆಗದು. ಬಿರುಕುಗಳು ಉಜ್ಜಿದಾಗ ಅದು ಹೆಚ್ಚುತ್ತದೆ.

ಕಿಲ್ಲಾರಿಯು ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ಕೈಬಿಡಲಾಯಿತು. ನಕ್ಷೆ ನೆಲದ ವಿಷಯವನ್ನು ಹೇಳೀತು. ಗೋಡೆಯ ವಿಷಯವನ್ನು ಗೋಡೆಯಿಂದಲೇ ಕೇಳಿ ತಿಳಿಯಬೇಕು.